ಭತ್ತ ಹೂ ಬಿಡುವಷ್ಟು ಹೊತ್ತು

ಭತ್ತದ ಹೂವನ್ನು ಕಂಡವರು ಕಡಿಮೆ. ದಿನವೂ ಅನ್ನ ಉಣ್ಣುವ ನಾವು ಪೈರು ನೋಡಿರುತ್ತೇವೆ, ಬಾಗಿದ ತೆನೆ ನೋಡಿರುತ್ತೇವೆ. ಹೂವು ಮಾತ್ರ ಕಣ್ಣಿಗೆ ಬಿದ್ದಿರುವುದಿಲ್ಲ. ಹೊಡೆ ಒಡೆದು ತೆನೆ ಹೊರಬಂದ ಮೇಲೆ, ಬಿಸಿಲೇರುವ ಹೊತ್ತಿಗೆ ಒಂದೊಂದೇ ಕಾಳಿನ ಹಸಿರು ಸಿಪ್ಪೆ ಎರಡಾಗಿ ಬಿರಿಯುತ್ತದೆ. ಒಳಗಿಂದ ನೂಲಿನಂಥ ಕೇಸರಗಳು ಹೊರಚಾಚುತ್ತವೆ, ಪರಾಗ ಉದುರುತ್ತದೆ, ಒಂದೆರಡು ತಾಸಿನಲ್ಲಿ ಸಿಪ್ಪೆ ಮತ್ತೆ ಮುಚ್ಚಿಕೊಳ್ಳುತ್ತದೆ. ಬದುವಿನ ಮೇಲೆ ನಡೆದುಹೋಗುವವರಿಗೆ ಇದು ತಿಳಿಯುವುದೂ ಇಲ್ಲ. ಜಪಾನಿನ ಸಾಕ್ಷ್ಯಚಿತ್ರಕಾರ ಒಗಾವಾ ಶಿನ್ಸುಕೆ ಈ ಗುಟ್ಟನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ ತೋರಿಸಿದರು. ‘ಸಾವಿರ ವರ್ಷಗಳ ಗುರುತು ಕೆತ್ತಿದ ನೆರಳುಗಡಿಯಾರ: ಮಗಿನೊ ಹಳ್ಳಿಯ ಕಥೆ’ ಎಂಬ 222 ನಿಮಿಷಗಳ ಆ ಚಿತ್ರ 1986ರದು. ಅದರಲ್ಲಿ ಭತ್ತದ ಹೂವು ಬಿರಿಯುವುದನ್ನು ನೋಡುವಾಗ ಕಥಾಚಿತ್ರದ ನಾಯಕಿ ಮೊದಲ ಸಲ ಪರದೆಗೆ ಬಂದಾಗಿನಷ್ಟೇ ಎದೆ ಹಾರುತ್ತದೆ.

ಆ ಗದ್ದೆ ಇದ್ದದ್ದು ಈಶಾನ್ಯ ಜಪಾನಿನ ಯಮಗಾತ ಪ್ರಾಂತ್ಯದ ಕಾಮಿನೊಯಾಮದಲ್ಲಿ. ಅದರ ಮಗ್ಗುಲಿನ ಯಮಗಾತ ನಗರದಲ್ಲಿ 1989ರಿಂದ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳ ಅಕ್ಟೋಬರಿನಲ್ಲಿ, ಒಂದು ಅಂತರರಾಷ್ಟ್ರೀಯ ಸಾಕ್ಷ್ಯಚಿತ್ರೋತ್ಸವ ನಡೆಯುತ್ತದೆ. ಏಷ್ಯಾದ ಸಾಕ್ಷ್ಯಚಿತ್ರಗಳ ಮಟ್ಟಿಗೆ ಇದಕ್ಕಿಂತ ಆಪ್ತವಾದ ಜಾಗ ಇನ್ನೊಂದಿಲ್ಲ ಎನ್ನುವವರು ಬಹಳ. ಅದರ ರುಚಿ ಹಿಡಿಯಬೇಕಾದರೆ ಮೊದಲು ಆ ಹೂವಿನ ಮುಂದೆ ಕೂರಬೇಕು. ಯಾರ ಜೊತೆ ಎಷ್ಟು ಕಾಲ ಬಾಳಿದೆ ಎಂಬುದರ ಮೇಲೆ ಏನನ್ನು ಕಂಡೆ ಎಂಬುದು ನಿಂತಿದೆ ಎಂದು ನಂಬಿದ ಉತ್ಸವ ಅದು.

ಒಗಾವಾ ಈ ನಂಬಿಕೆಗೆ ಬಂದದ್ದು ಜಗಳದ ದಾರಿಯಿಂದ. ಟೋಕಿಯೊಗೆ ಹೊಸ ವಿಮಾನ ನಿಲ್ದಾಣ ಬೇಕೆಂದು ಸರ್ಕಾರ ನರಿತಾ ಬಳಿಯ ಸಾನ್ರಿಜುಕದ ರೈತರ ಭೂಮಿಗೆ ಕೈಹಾಕಿದಾಗ, 1968ರಿಂದ ಅವರ ತಂಡ ರೈತರ ಬದಿಯಲ್ಲಿ ನಿಂತು ಚಿತ್ರ ತೆಗೆಯಿತು. ಮೊದಮೊದಲ ಚಿತ್ರಗಳಲ್ಲಿ ಲಾಠಿ, ಕಲ್ಲು, ಧೂಳು, ಮರಕ್ಕೆ ತಮ್ಮನ್ನೇ ಬಿಗಿದುಕೊಂಡ ಹೆಂಗಸರು. 1973ರ ‘ಹೆತಾ ಹಳ್ಳಿ’ಯ ಹೊತ್ತಿಗೆ ಕ್ಯಾಮೆರಾ ಕದನದಿಂದ ಹಿಂದೆ ಸರಿದು ಜಗುಲಿಯ ಮೇಲೆ ಕೂತಿತ್ತು: ಊರಿನವರು ಮಾತಾಡುತ್ತಾರೆ, ನಡುನಡುವೆ ಸುಮ್ಮನಾಗುತ್ತಾರೆ, ಶಾಟ್ ತುಂಡಾಗುವುದಿಲ್ಲ. ರೈತರ ಸಿಟ್ಟನ್ನು ಚಿತ್ರಿಸಿದ್ದಾಯಿತು, ಅವರು ಬೆಳೆಯುವ ಭತ್ತದ ವಿಷಯ ತಮಗೇನೂ ಗೊತ್ತಿಲ್ಲವಲ್ಲ ಎಂಬ ಅಳುಕು ತಂಡವನ್ನು ಕಾಡಿತು. ಕಿಮುರ ಮಿಚಿಯೊ ಎಂಬ ಕವಿ, ಮಗಿನೊದ ಬೇಸಾಯಗಾರ, ಅವರನ್ನು ತಮ್ಮೂರಿಗೆ ಕರೆದರು. 1970ರ ದಶಕದ ನಡುವೆ ಇಡೀ ತಂಡ ಅಲ್ಲಿ ಬೀಡುಬಿಟ್ಟು, ಗದ್ದೆ ಹಿಡಿದು, ನಾಟಿ ಮಾಡಿ, ಕಳೆ ಕಿತ್ತು, ಆಮೇಲೆ ಚಿತ್ರ ತೆಗೆಯಿತು. ಮಗಿನೊ ಚಿತ್ರದ ಹಿಂದೆ ಹದಿಮೂರು ವರ್ಷಗಳ ವಾಸವಿದೆ.

ಆ ವಾಸದ ನಡುವೆಯೇ ಪಕ್ಕದ ಬೆಟ್ಟದ ಊರನ್ನು ಕುರಿತು ‘ಜಪಾನ್ ದೇಶ: ಫುರುಯಾಶಿಕಿ ಹಳ್ಳಿ’ (1982) ಹುಟ್ಟಿತು. ನನಗೆ ಒಗಾವಾ ಅವರ ಚಿತ್ರಗಳಲ್ಲೆಲ್ಲ ಇದರ ಮೇಲೆಯೇ ಹೆಚ್ಚು ಪ್ರೀತಿ. ಉಳಿದಿರುವುದು ಎಂಟೇ ಮನೆ. ಬೇಸಿಗೆ ತಣ್ಣಗಾಗಿ ಬೆಳೆ ಕೆಟ್ಟ ವರ್ಷ. ಕಣಿವೆಯ ಮೇಲಿಂದ ತಣ್ಣನೆಯ ಬಿಳಿ ಮಂಜು ಇಳಿದು ಬಂದು ಗದ್ದೆಗಳ ಮೇಲೆ ಕೂರುತ್ತದೆ. ಹೂ ಬಿಡುವ ಕಾಲಕ್ಕೆ ಆ ಚಳಿ ತಾಗಿದರೆ ಕಾಳು ಹಾಲು ತುಂಬುವುದಿಲ್ಲ, ತೆನೆ ಜೊಳ್ಳಾಗಿ ನೆಟ್ಟಗೆ ನಿಲ್ಲುತ್ತದೆ. ಅಕ್ಕಪಕ್ಕದ ಎರಡು ಗದ್ದೆಗಳಲ್ಲಿ ಒಂದು ತುಂಬಿ ಇನ್ನೊಂದು ಏಕೆ ಬರಿದಾಯಿತು? ಬೇರೆ ನಿರ್ದೇಶಕರಾದರೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಿದ್ದರು. ಒಗಾವಾ ತಂಡ ಇಡೀ ಕಣಿವೆಯ ಏರುತಗ್ಗುಗಳ ಮಾದರಿಯನ್ನು ಕೈಯಾರೆ ಕಟ್ಟುತ್ತದೆ. ಅದರ ಮೇಲೆ ಡ್ರೈ ಐಸಿನ ಬಿಳಿ ಹೊಗೆ ಹರಿಸುತ್ತದೆ. ಹೊಗೆ ತೆವಳುತ್ತ ಬಂದು, ದಿಬ್ಬಕ್ಕೆ ತಡೆದು, ಮಗ್ಗುಲಾಗಿ, ಸೋತ ಗದ್ದೆಯ ಜಾಗದಲ್ಲೇ ಮಡುಗಟ್ಟುತ್ತದೆ. ಪತ್ತೇದಾರಿ ಕಥೆಯ ಕೊನೆಯ ಪುಟದಲ್ಲಿ ಸಿಗುವ ಸುಖವೇ ಅಲ್ಲಿ ಸಿಗುತ್ತದೆ.

ಇಷ್ಟೆಲ್ಲ ಲೆಕ್ಕ, ಮಣ್ಣಿನ ಪದರ, ಉಷ್ಣತೆಯ ಗೆರೆಗಳು ಆದಮೇಲೆ ಚಿತ್ರ ಮನುಷ್ಯರ ಕಡೆಗೆ ತಿರುಗುತ್ತದೆ. ಮುದುಕರು ಇದ್ದಿಲು ಸುಡುವ ಬಗೆ ತೋರಿಸುತ್ತಾರೆ, ರೇಷ್ಮೆಹುಳು ಸಾಕಿದ ದಿನಗಳನ್ನು, ಯುದ್ಧದಲ್ಲಿ ಕಳೆದುಕೊಂಡವರನ್ನು ನೆನೆಯುತ್ತಾರೆ. ಮೊದಲರ್ಧದಲ್ಲಿ ಚಳಿಗಾಳಿ ಎಲ್ಲಿಂದ ಹರಿದು ಬಂತೆಂದು ಕಂಡ ನಮಗೆ, ಎರಡನೆಯರ್ಧದಲ್ಲಿ ಚರಿತ್ರೆಯೂ ಅದೇ ದಾರಿಯಲ್ಲಿ ಇಳಿದು ಬಂದು ಈ ಎಂಟು ಮನೆಗಳ ಮೇಲೆ ಕೂತದ್ದು ಕಾಣುತ್ತದೆ. ಚಿತ್ರ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಆಲಂಕಾರಿಕರು ಧ್ವನಿ ಎಂದದ್ದು ಇಂಥದ್ದನ್ನೇ. ಬರ್ಲಿನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಈ ಚಿತ್ರಕ್ಕೆ ಬಂದದ್ದು ಯೋಗ್ಯವೇ.

ಮಗಿನೊ ಚಿತ್ರ ಇನ್ನೂ ಅಂಕೆ ಮೀರಿದ್ದು. ಗದ್ದೆ ಅಗೆದರೆ ಇತಿಹಾಸಪೂರ್ವ ಜೋಮೊನ್ ಕಾಲದ ಮಡಕೆ ಚೂರುಗಳು ಸಿಗುತ್ತವೆ; ಊರಿನವರೇ ವೇಷ ಕಟ್ಟಿ ತಮ್ಮ ಪೂರ್ವಿಕರ ರೈತದಂಗೆಯನ್ನು ಅಭಿನಯಿಸುತ್ತಾರೆ; ಬುಟೊ ನೃತ್ಯದ ಹಿಜಿಕಾಟ ತಾತ್ಸುಮಿ ಅಂಥ ವೃತ್ತಿಪರ ಕಲಾವಿದರು ಹಳ್ಳಿಯ ದಂತಕಥೆಗಳಿಗೆ ಇಳಿಯುತ್ತಾರೆ; ಮತ್ತೆ ಸೂಕ್ಷ್ಮದರ್ಶಕದ ಕೆಳಗಿನ ಪರಾಗ. ಭೂತಕಾಲ ಇಲ್ಲಿ ನೆರೆಮನೆಯವನಂತೆ ಹೇಳದೆ ಕೇಳದೆ ಒಳಗೆ ಬರುತ್ತದೆ. ಈ ಚಿತ್ರ ತೋರಿಸಲೆಂದೇ 1987ರಲ್ಲಿ ಕ್ಯೋಟೊದಲ್ಲಿ ಮರದ ದಿಮ್ಮಿ, ಮಣ್ಣು, ಹುಲ್ಲುಗಳಿಂದ ‘ಸಾವಿರ ವರ್ಷದ ಚಿತ್ರಮಂದಿರ’ವನ್ನು ಕಟ್ಟಿದರು. ಚಿತ್ರವನ್ನು ಹೇಗೆ ನೋಡಬೇಕು ಎಂಬುದೂ ಚಿತ್ರ ತೆಗೆಯುವವರ ಹೊಣೆಯೇ ಎಂದು ತಿಳಿದವರು ಮಾಡುವ ಕೆಲಸ ಅದು.

ಎರಡು ವರ್ಷ ಕಳೆದು ಯಮಗಾತ ನಗರಸಭೆಗೆ ನೂರು ತುಂಬಿತು. ನೂರನೆಯ ವರ್ಷಕ್ಕೆ ಸ್ತಂಭವನ್ನೋ ಪ್ರತಿಮೆಯನ್ನೋ ನಿಲ್ಲಿಸುವುದು ಲೋಕರೂಢಿ. ಪಕ್ಕದ ಊರಿನಲ್ಲಿದ್ದ ಒಗಾವಾ ಕೊಟ್ಟ ಸಲಹೆಯನ್ನು ಹಿಡಿದು, ಎರಡೂವರೆ ಲಕ್ಷ ಜನರ, ಬೆಟ್ಟಗಳು ಸುತ್ತುವರಿದ ಆ ಊರು ಸಾಕ್ಷ್ಯಚಿತ್ರಗಳ ಉತ್ಸವ ಹೂಡಿತು. ಕವಿ ಬಾಶೊ ತನ್ನ ಉತ್ತರದ ನಡಿಗೆಯಲ್ಲಿ ಈ ಸೀಮೆಯ ಯಮಾದೆರ ಗುಡಿಯ ಮೆಟ್ಟಿಲು ಹತ್ತಿದ್ದು 1689ರಲ್ಲಿ. ಸರಿಯಾಗಿ ಮುನ್ನೂರು ವರ್ಷದ ಮೇಲೆ ಈ ಉತ್ಸವ. ದೂರದಿಂದ ಬಂದವರಿಗೆ ಕಿವಿಗೊಡುವುದು ಈ ನೆಲಕ್ಕೆ ಹೊಸದಲ್ಲ.

ಆ ಮೊದಲ ವರ್ಷದ ಒಂದು ಕೊರತೆಯೇ ಉತ್ಸವದ ಭಾಗ್ಯವಾಯಿತು. ಏಷ್ಯಾದ ನೆಲದಲ್ಲಿ ನಡೆದ ಸ್ಪರ್ಧೆಯಲ್ಲಿ ಏಷ್ಯಾದ ಒಂದು ಚಿತ್ರವೂ ಇರಲಿಲ್ಲ. ಅತಿಥಿಗಳಾಗಿ ಬಂದಿದ್ದ ಏಷ್ಯಾದ ಚಿತ್ರಕಾರರು ಇದೇಕೆ ಹೀಗೆ ಎಂದು ಕೂತು ಚರ್ಚಿಸಿದರು. ಹಣವಿಲ್ಲ, ಸಲಕರಣೆ ಇಲ್ಲ, ಸೆನ್ಸಾರ್ ಬಿಡುವುದಿಲ್ಲ, ತೋರಿಸಲು ಜಾಗವಿಲ್ಲ. ಫಿಲಿಪ್ಪೀನ್ಸ್‌ನ ಕಿಡ್ಲಾಟ್ ತಾಹಿಮಿಕ್ ಮುಂದಾಗಿ, ಎಲ್ಲರೂ ಸೇರಿ ಒಂದು ಘೋಷಣೆ ಬರೆದು ಸಹಿ ಹಾಕಿದರು. ಆ ದಿನಗಳನ್ನು ಒಗಾವಾ ತಂಡದ ಇಜುಕ ತೋಶಿಯೊ ‘ಚಿತ್ರಗಳ ರಾಜಧಾನಿ’ (1991) ಎಂಬ ಸಾಕ್ಷ್ಯಚಿತ್ರವಾಗಿಸಿದ್ದಾರೆ. ಜಗತ್ತಿನೆಲ್ಲೆಡೆಯ ಸಾವಿರಕ್ಕೂ ಹೆಚ್ಚು ಚಿತ್ರಗಳಲ್ಲಿ ಹದಿನೈದನ್ನಷ್ಟೇ ಆರಿಸುವ ಮುಖ್ಯ ಸ್ಪರ್ಧೆಯ ಪಕ್ಕದಲ್ಲಿ, ಏಷ್ಯಾದ ಹೊಸ ಚಿತ್ರಕಾರರಿಗಾಗಿ ‘ಏಷ್ಯಾದ ಹೊಸ ಅಲೆಗಳು’ ವಿಭಾಗ ಬೆಳೆದದ್ದು ಆ ಬೇಗುದಿಯಿಂದ. 1992ರಲ್ಲಿ ಒಗಾವಾ ತೀರಿಕೊಂಡರು. ಮರುವರ್ಷದಿಂದ ಈ ವಿಭಾಗದ ಮೊದಲ ಬಹುಮಾನ ಅವರ ಹೆಸರಿನಲ್ಲಿದೆ.

ಆ ಹೆಸರಿನ ಮೊದಲ ಬಹುಮಾನ ಚೀನಾದ ವು ವೆನ್‌ಗುವಾಂಗ್ ಅವರಿಗೆ, ಸಾಂಸ್ಕೃತಿಕ ಕ್ರಾಂತಿಯ ರೆಡ್ ಗಾರ್ಡ್‌ಗಳ ನೆನಪುಗಳನ್ನು ಕೆದಕಿದ ಚಿತ್ರಕ್ಕೆ. 1995ರದು ಕೊರಿಯಾದ ಬ್ಯುನ್ ಯಂಗ್-ಜೂ ಅವರ ‘ಪಿಸುದನಿ’ಗೆ. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ಸೇನೆ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಹೆಣ್ಣುಮಕ್ಕಳು ಮುದುಕಿಯರಾಗಿ ಒಂದೇ ಮನೆಯಲ್ಲಿ ಬಾಳುತ್ತಾರೆ; ಬುಧವಾರ ಬುಧವಾರ ಸೋಲ್ ನಗರದ ಜಪಾನಿ ರಾಯಭಾರ ಕಚೇರಿಯೆದುರು ನಿಲ್ಲುತ್ತಾರೆ. ಜಪಾನಿನ ಊರೊಂದು ಈ ಚಿತ್ರಕ್ಕೆ ಬಹುಮಾನ ಕೊಟ್ಟಿತು ಎನ್ನುವುದು ಅದರ ಬೆನ್ನೆಲುಬಿಗೆ ಸಾಕ್ಷಿ. ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ಬೇರೆ. ಆ ಅಜ್ಜಿಯರು ಹರಟುತ್ತಾರೆ, ಕುಡಿಯುತ್ತಾರೆ, ಹಾಡುತ್ತಾರೆ, ಒಬ್ಬರನ್ನೊಬ್ಬರು ಛೇಡಿಸುತ್ತಾರೆ. ಕರುಣೆಗೆ ಒಗ್ಗಿದ ನಮ್ಮ ಕಣ್ಣು ಹಾಸ್ಯದೆದುರು ತಬ್ಬಿಬ್ಬಾಗುತ್ತದೆ. ಬ್ಯುನ್ ಇದೇ ಬಳಗದ ಜೊತೆ ಇನ್ನೆರಡು ಚಿತ್ರ ಮಾಡಿದರು. ಎರಡನೆಯದರ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುತ್ತಿದ್ದ ಒಬ್ಬ ಅಜ್ಜಿ ತನ್ನನ್ನು ಚಿತ್ರಿಸು ಎಂದು ತಾನೇ ಹೇಳಿ ಕರೆಸಿದರು. ಯಾರ ಬಾಗಿಲಲ್ಲಿ ಕ್ಯಾಮೆರಾ ಒಮ್ಮೆ ಅಪ್ಪಣೆಗೆ ಕಾದು ನಿಂತಿತ್ತೋ ಅವರೇ ಅದನ್ನು ಒಳಗೆ ಕರೆದ ಗಳಿಗೆ ಅದು. ಸಾಕ್ಷ್ಯಚಿತ್ರಕ್ಕೆ ಇದಕ್ಕಿಂತ ದೊಡ್ಡ ಬಿರುದು ಬೇಕಿಲ್ಲ.

ದೊಡ್ಡ ಬಹುಮಾನಕ್ಕೆ ಅಮೆರಿಕದ ಸಾಕ್ಷ್ಯಚಿತ್ರಕಾರ ದಂಪತಿ ರಾಬರ್ಟ್ ಮತ್ತು ಫ್ರಾನ್ಸಿಸ್ ಫ್ಲಹರ್ಟಿ ಅವರ ಹೆಸರು. ಅದನ್ನು ಮೂರು ಸಲ ಪಡೆದವರು ಚೀನಾದ ವಾಂಗ್ ಬಿಂಗ್. 2003ರಲ್ಲಿ ಅವರು ಒಯ್ದದ್ದು ‘ಹಳಿಗಳ ಪಶ್ಚಿಮಕ್ಕೆ’, ಒಂಬತ್ತು ಗಂಟೆಗಳ ಚಿತ್ರ. ಶೆನ್ಯಾಂಗ್ ನಗರದ ತಿಯೆಶಿ ಕೈಗಾರಿಕಾ ಪ್ರದೇಶ ಮುಚ್ಚಿಹೋಗುವುದನ್ನು, 1999ರಿಂದ ಎರಡು ವರ್ಷ, ಬಾಡಿಗೆಯ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ ಒಬ್ಬರೇ ಹಿಡಿದದ್ದು. ಶುರುವಿನಲ್ಲೇ ಗೂಡ್ಸ್ ರೈಲಿನ ಮುಂದೆ ಕ್ಯಾಮೆರಾ. ಹಿಮ ಬೀಳುತ್ತಿದೆ, ಹಳಿಯ ಎರಡೂ ಬದಿ ಪಾಳುಬಿದ್ದ ಕಾರ್ಖಾನೆಗಳು ಮೆಲ್ಲಗೆ ಹಿಂದೆ ಸರಿಯುತ್ತವೆ, ಲೆನ್ಸಿನ ಮೇಲೆ ಹಿಮದ ಹನಿ ಅಂಟುತ್ತದೆ, ಯಾರೂ ಒರೆಸುವುದಿಲ್ಲ. ಐದು ನಿಮಿಷಕ್ಕೆ ನಾವು ಚಡಪಡಿಸುತ್ತೇವೆ. ಆಮೇಲೆ ನಮ್ಮ ಉಸಿರು ರೈಲಿನ ಲಯಕ್ಕೆ ಒಗ್ಗುತ್ತದೆ. ಮೂರನೆಯ ಭಾಗ ತಲುಪುವ ಹೊತ್ತಿಗೆ, ರೈಲುಹಳಿಯ ಬದಿ ಕಲ್ಲಿದ್ದಲು ಆಯ್ದು ಬದುಕುವ ಒಕ್ಕಣ್ಣಿನ ಡು ಎಂಬ ಮುದುಕ ಮತ್ತು ಅವನ ಮಗ ನಮಗೆ ಬಳಗದವರಂತೆ ಆಗಿರುತ್ತಾರೆ. ತಂದೆಯನ್ನು ಪೊಲೀಸರು ಹಿಡಿದೊಯ್ದ ಮೇಲೆ ಆ ಹುಡುಗ ಪ್ಲಾಸ್ಟಿಕ್ ಚೀಲದಿಂದ ಹಳೆಯ ಫೋಟೊಗಳನ್ನು ತೆಗೆದು ನೋಡುತ್ತಾನೆ. ಕಣ್ಣೀರು ಸದ್ದಿಲ್ಲದೆ ಇಳಿಯುತ್ತದೆ. ಈ ದೃಶ್ಯವನ್ನೇ ಕತ್ತರಿಸಿ ಮೊಬೈಲಿನಲ್ಲಿ ತೋರಿಸಿದರೆ ಮರುಕ ಹುಟ್ಟೀತು. ಏಳೆಂಟು ಗಂಟೆ ಆ ಚಳಿಯಲ್ಲಿ ಓಡಾಡಿ ಇಲ್ಲಿಗೆ ಬಂದವರಿಗೆ ಹುಟ್ಟುವುದು ರಸ.

2007ರ ಬಹುಮಾನದ ‘ಫೆಂಗ್‌ಮಿಂಗ್’ ಇದಕ್ಕೆ ಪೂರಾ ವಿರುದ್ಧ. ಒಂದು ಕೋಣೆ, ಒಂದು ಕುರ್ಚಿ, ಒಬ್ಬ ವೃದ್ಧೆ. ಬಲಪಂಥೀಯರೆಂಬ ಹಣೆಪಟ್ಟಿ ಹೊತ್ತು ತಾನೂ ಗಂಡನೂ ಕಾರ್ಮಿಕ ಶಿಬಿರಗಳಿಗೆ ಹೋದದ್ದನ್ನು, ಗಂಡ ಅಲ್ಲಿ ಸತ್ತದ್ದನ್ನು ಆಕೆ ಮೂರು ಗಂಟೆಗೂ ಮಿಕ್ಕಿ ಹೇಳುತ್ತಾರೆ. ಕ್ಯಾಮೆರಾ ಕದಲುವುದೇ ಇಲ್ಲ ಎನ್ನಬೇಕು. ಹೇಳುತ್ತ ಹೇಳುತ್ತ ಸಂಜೆಯಾಗುತ್ತದೆ, ಬೆಳಕು ಇಳಿಯುತ್ತದೆ, ಮುಖ ಕರಗಿ ದನಿಯಷ್ಟೇ ಉಳಿಯುತ್ತದೆ. ಆಕೆಗೆ ಗಮನವಿಲ್ಲ. ಕಡೆಗೆ ವಾಂಗ್ ಬಿಂಗ್ ದೀಪ ಹಾಕಬಹುದೇ ಎಂದು ಕೇಳುತ್ತಾರೆ. ಇಡೀ ಚಿತ್ರದಲ್ಲಿ ನಿರ್ದೇಶಕ ಕೈಯಾಡಿಸಿದ್ದು ಹೆಚ್ಚೂಕಡಿಮೆ ಅಷ್ಟೇ. ಕತ್ತಲಾಗಲು ಬಿಟ್ಟದ್ದೇ ಅವರ ನಿರ್ದೇಶನ. ಅಂಥ ಶಿಬಿರದಲ್ಲಿ ಬದುಕುಳಿದವರನ್ನು ಹುಡುಕಿ ಹೋದ ‘ಮೃತ ಆತ್ಮಗಳು’ ಎಂಟು ಗಂಟೆ ದಾಟುತ್ತದೆ. ಅದಕ್ಕೆ 2019ರಲ್ಲಿ ಮತ್ತೆ ದೊಡ್ಡ ಬಹುಮಾನ.

ಇಷ್ಟುದ್ದದ ಚಿತ್ರಗಳಿಗೆ ಬೇರೆ ಕಡೆ ‘ಸ್ವಲ್ಪ ಕತ್ತರಿಸಿ ತನ್ನಿ’ ಎನ್ನುತ್ತಾರೆ. ಔಚಿತ್ಯವೇ ಕಾವ್ಯದ ಜೀವ ಎಂದ ಆಲಂಕಾರಿಕ ಕ್ಷೇಮೇಂದ್ರನ ಮಾತಿಗೆ ಸಿನಿಮಾದಲ್ಲಿ ಇದೊಂದು ಒಳ್ಳೆಯ ಒರೆಗಲ್ಲು. ಉದ್ದವೇ ಗುಣವಲ್ಲ, ಸೋಮಾರಿ ಸಂಕಲನವೂ ಉದ್ದವೇ ಆಗಿರುತ್ತದೆ. ಒಂದು ಕಾರ್ಖಾನೆ ಸಾಯಲು ಹಿಡಿದ ಕಾಲ, ಒಬ್ಬ ಹೆಂಗಸು ತನ್ನ ಬಾಳನ್ನು ಮೊದಲಿನಿಂದ ಹೇಳಲು ಹಿಡಿದ ಕಾಲ, ಇವುಗಳ ತೂಕ ನೋಡುವವನ ಮೈಗೆ ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಉಚಿತ. ಯಮಗಾತದ ಹೆಚ್ಚುಗಾರಿಕೆಯೆಂದರೆ ಅಲ್ಲಿನ ಪ್ರೇಕ್ಷಕರು ಇದನ್ನು ಕಲಿತಿದ್ದಾರೆ.

ಕಲಿತದ್ದು ಪುಸ್ತಕದಿಂದಲ್ಲ. ವಿದ್ಯಾರ್ಥಿಗಳು, ನಿವೃತ್ತರು, ಗೃಹಿಣಿಯರು ಸ್ವಯಂಸೇವಕರಾಗಿ ಟಿಕೆಟ್ ಹರಿಯುತ್ತಾರೆ, ಅತಿಥಿಗಳನ್ನು ಕರೆತರುತ್ತಾರೆ, ದಿನಪತ್ರಿಕೆ ಹೊರಡಿಸುತ್ತಾರೆ. ಪ್ರದರ್ಶನ ಮುಗಿದೊಡನೆ ನಿರ್ದೇಶಕರೊಡನೆ ಮಾತುಕತೆ, ದುಭಾಷಿಯ ಮೂಲಕ. ಉತ್ಸವವಿಲ್ಲದ ತಿಂಗಳುಗಳಲ್ಲೂ ಅದರ ಚಿತ್ರಭಂಡಾರದಲ್ಲಿ ಶುಕ್ರವಾರದ ಪ್ರದರ್ಶನಗಳಿವೆ. ರಾತ್ರಿಯ ಸೊಗಸು ಬೇರೆ. ಬಹುಕಾಲ ಅದಕ್ಕೆ ತಾಣವಾಗಿದ್ದದ್ದು ಹಳೆಯ ಉಪ್ಪಿನಕಾಯಿ ಅಂಗಡಿಯ ಊಟದ ಮನೆ, ಕೋಮಿಅನ್. ಹತ್ತು ಗಂಟೆಗೆ ಬಾಗಿಲು ತೆರೆದರೆ ನಡುರಾತ್ರಿ ಮೀರುವವರೆಗೆ ಗದ್ದಲ. ಚಪ್ಪಲಿ ಬಿಟ್ಟು, ಚಾಪೆಯ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂತು, ಬೀಜಿಂಗ್‌ನ ನಿರ್ದೇಶಕನೂ ಊರಿನ ಶಾಲಾಶಿಕ್ಷಕಿಯೂ ಒಂದೇ ತಟ್ಟೆಯ ಉಪ್ಪಿನಕಾಯಿಗೆ ಕೈಚಾಚುವ ಜಾಗ. ಅಕ್ಟೋಬರ್ ಆ ಊರಿನಲ್ಲಿ ಇಮೊನಿ ಎಂಬ ಕೆಸುವಿನ ಗೆಡ್ಡೆಯ ಸಾರು ಕುದಿಯುವ ಕಾಲವೂ ಹೌದು. 2020ರಲ್ಲಿ ಆ ಅಂಗಡಿ ಮುಚ್ಚಿತು. ಹಳಬರು ಇವತ್ತಿಗೂ ಅದರ ಮಾತೆತ್ತದೆ ಇರಲಾರರು. ಯುನೆಸ್ಕೊ 2017ರಲ್ಲಿ ಯಮಗಾತವನ್ನು ಸಿನಿಮಾದ ಸೃಜನಶೀಲ ನಗರವೆಂದು ಗುರುತಿಸಿತು. ಆ ಮನ್ನಣೆಯಲ್ಲಿ ಈ ಚಾಪೆಗಳ ಪಾಲೂ ಇದೆ.

2011ರ ಮಾರ್ಚ್‌ನ ಭೂಕಂಪ ಮತ್ತು ಸುನಾಮಿ ಬಡಿದದ್ದು ಇದೇ ತೊಹೊಕು ಸೀಮೆಯ ಕರಾವಳಿಗೆ, ಬೆಟ್ಟದ ಆಚೆಗೆ. ಏಳು ತಿಂಗಳಿಗೆ ಉತ್ಸವದ ಸರದಿ. ‘ನಿಮ್ಮೊಂದಿಗೆ ಸಿನಿಮಾ’ ಎಂಬ ವಿಭಾಗ ತೆರೆದರು. ಆಮೇಲೆ ಆ ದುರಂತದ ಸಾಕ್ಷ್ಯಚಿತ್ರಗಳನ್ನು ಕೂಡಿಟ್ಟು ಕಾಯುವ ಸಂಗ್ರಹವನ್ನೂ ಕಟ್ಟಿದರು. ಆ ಕಾಲದ ಚಿತ್ರಗಳಲ್ಲಿ ಸಕಾಯಿ ಕೊ ಮತ್ತು ಹಮಾಗುಚಿ ರ್ಯೂಸುಕೆ ಅವರ ‘ಅಲೆಗಳ ಸದ್ದು’ (2011) ನನಗೆ ಬಲು ಇಷ್ಟ. ಹಿಂದಿನ ಸುನಾಮಿಯೊಂದರ ಕಥೆಯನ್ನು ಅಜ್ಜಿಯೊಬ್ಬರು ಚಿತ್ರಪಟಗಳನ್ನು ಒಂದೊಂದಾಗಿ ಸರಿಸುತ್ತ ಹೇಳುವುದರಿಂದ ಅದು ಶುರು. ಆಮೇಲೆ ಗಂಡ ಹೆಂಡತಿ, ಅಕ್ಕ ತಂಗಿ, ಗೆಳೆಯರು ಎದುರುಬದುರು ಕೂತು ಅಂದಿನ ದಿನವನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಕ್ಯಾಮೆರಾಗಳನ್ನು ಇಟ್ಟಿರುವ ಜಾಣ್ಮೆಯಿಂದ ಪ್ರತಿಯೊಬ್ಬರೂ ನೇರ ನಮ್ಮ ಕಣ್ಣನ್ನೇ ನೋಡಿ ಮಾತಾಡಿದಂತಿರುತ್ತದೆ. ಟೀವಿಯಲ್ಲಿ ನೂರು ಸಲ ಕಂಡ ಕರಿ ನೀರಿನ ಗೋಡೆಗಿಂತ, ತಂಗಿ ಇಷ್ಟು ದಿನ ಬಚ್ಚಿಟ್ಟಿದ್ದ ಮಾತನ್ನು ಈಗ ಕೇಳುತ್ತಿರುವ ಅಕ್ಕನ ಮುಖ ಹೆಚ್ಚು ಕಲಕುತ್ತದೆ. ಮುಂದೆ ‘ಡ್ರೈವ್ ಮೈ ಕಾರ್’ ಚಿತ್ರಕ್ಕೆ ಆಸ್ಕರ್ ಪಡೆದ ಹಮಾಗುಚಿ, ಪಾತ್ರಗಳು ಒಬ್ಬರ ಮಾತನ್ನು ಒಬ್ಬರು ಆಲಿಸುವ ಆ ದೀರ್ಘ ದೃಶ್ಯಗಳ ಅಭ್ಯಾಸ ಮಾಡಿದ್ದು ಇಲ್ಲಿ.

ಮುಖ ತೋರಿಸಲಾಗದ ಕಾಲವೂ ಬಂತು. ಕೋವಿಡ್ ಸೋಂಕಿನಿಂದಾಗಿ ಆನ್‌ಲೈನಿನಲ್ಲೇ ನಡೆದ 2021ರ ಉತ್ಸವದ ದೊಡ್ಡ ಬಹುಮಾನ ‘ಕೆಂಪು ಇಟ್ಟಿಗೆ ಗೋಡೆಯೊಳಗೆ’ ಚಿತ್ರಕ್ಕೆ. 2019ರ ನವೆಂಬರಿನಲ್ಲಿ ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯಕ್ಕೆ ಪೊಲೀಸರು ಮುತ್ತಿಗೆ ಹಾಕಿದಾಗ ಒಳಗೆ ಸಿಕ್ಕಿಬಿದ್ದ ಹುಡುಗ ಹುಡುಗಿಯರ ನಡುವೆ ನಿಂತು ತೆಗೆದದ್ದು. ಮುಖಗಳೆಲ್ಲ ಮಸುಕು. ನಿರ್ದೇಶಕರ ಹೆಸರಿಲ್ಲ. ಓಡುವುದೋ ಉಳಿಯುವುದೋ ಎಂದು ತೀರ್ಮಾನವಾಗದೆ ಅಲ್ಲಾಡುವ ಕಾಲು, ಕೈ, ಹೆಗಲುಗಳಲ್ಲೇ ಭಯಾನಕ ರಸ ಪೂರ್ತಿಯಾಗಿ ಒದಗುತ್ತದೆ. ಭಾವವನ್ನು ಹೊರಗೆ ತೋರುವ ಅನುಭಾವಗಳಿಗೆ ಮುಖವೇ ಬೇಕೆಂದಿಲ್ಲ.

ಅದರ ಮುಂದಿನ ಸಲ, 2023ರಲ್ಲಿ, ಅದೇ ಬಹುಮಾನ ಭಾರತಕ್ಕೆ ಬಂತು, ಪಾಯಲ್ ಕಪಾಡಿಯಾ ಅವರ ‘ಎ ನೈಟ್ ಆಫ್ ನೋಯಿಂಗ್ ನಥಿಂಗ್’ ಚಿತ್ರಕ್ಕೆ. ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿನಿಯೊಬ್ಬಳು ಬರೆದ ಪತ್ರಗಳು. ಜಾತಿಯ ಕಾರಣಕ್ಕೆ ಮನೆಯವರು ಅಗಲಿಸಿದ ಗೆಳೆಯನಿಗೆ. ಪತ್ರದ ಸಾಲುಗಳ ಕೆಳಗೆ 2015ರ ಮುಷ್ಕರದ ದಿನಗಳು, ಬೇರೆ ಕ್ಯಾಂಪಸ್‌ಗಳ ಘೋಷಣೆಗಳು, ಹಾಸ್ಟೆಲಿನ ಕುಣಿತ, ನಿದ್ದೆ ಹೋದ ಗೆಳೆಯರು. ಬಹುಪಾಲು ಕಪ್ಪುಬಿಳುಪು, ಒರಟು ಕಣಗಳ ಚಿತ್ರಿಕೆ. ಪತ್ರ ಕಲ್ಪಿತ, ಮುಷ್ಕರ ನಿಜ, ನೋವು ಎರಡರದೂ. ವಿಪ್ರಲಂಭ ಶೃಂಗಾರವೂ ರಾಜಕೀಯದ ಸಿಟ್ಟೂ ಒಂದೇ ದನಿಯಲ್ಲಿ ಹೀಗೆ ಬೆರೆತದ್ದನ್ನು ನಮ್ಮ ಸಾಕ್ಷ್ಯಚಿತ್ರಗಳಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಮರುವರ್ಷ ಕಾನ್‌ನಲ್ಲಿ ಗ್ರಾಂ ಪ್ರಿ ಗೆದ್ದು ಮನೆಮಾತಾದ ನಿರ್ದೇಶಕಿಯ ಈ ಮೊದಲ ಪೂರ್ಣಾವಧಿ ಚಿತ್ರವನ್ನು ನೋಡಿದವರು ನಮ್ಮಲ್ಲಿ ಇನ್ನೂ ಕಡಿಮೆ.

ಒಗಾವಾ ತಂಡ ನಂಬಿ ಬಾಳಿದ ಸಹವಾಸದಲ್ಲಿ ಕಹಿಯೂ ಇದೆ, ಅದನ್ನು ಉಗುಳಿ ಸಿಹಿಯನ್ನಷ್ಟೇ ನುಂಗಬಾರದು. ಬಾರ್ಬರಾ ಹ್ಯಾಮರ್ ಅವರ ‘ಡಿವೋಶನ್’ (2000) ಒಗಾವಾ ತಂಡದ ಹಳೆಯ ಸದಸ್ಯರನ್ನು ಮಾತಾಡಿಸುತ್ತದೆ. ಸಂಬಳವಿಲ್ಲದ ದುಡಿಮೆ, ಗುರುವಿನ ಮಾತೇ ಕೊನೆ, ಅಡುಗೆಮನೆಗೆ ಸರಿದ ಹೆಂಗಸರು, ತಲೆಯ ಮೇಲೆ ಸಾಲ. ಭತ್ತದ ಹೂವನ್ನು ಅಷ್ಟು ತಾಳ್ಮೆಯಿಂದ ನೋಡಿದ ಕಣ್ಣಿಗೆ ಒಲೆಯ ಮುಂದಿದ್ದವರು ಕಾಣಲಿಲ್ಲ. ಒಗಾವಾ ಬಿಟ್ಟುಹೋದ ಕಾಮಿನೊಯಾಮದ ಹಣ್ಣಿನ ಚಿತ್ರ ‘ಕೆಂಪು ಪರ್ಸಿಮನ್’ ಅನ್ನು 2001ರಲ್ಲಿ ಪೂರ್ತಿ ಮಾಡಿದ್ದು ಶಾಂಘೈನ ಪೆಂಗ್ ಶಿಯಾವೊಲಿಯನ್, ಒಬ್ಬ ಹೆಂಗಸು, ಚೀನಾದವರು. ಸಿಪ್ಪೆ ಸುಲಿಯುವ ಯಂತ್ರಗಳ ತಲೆಮಾರುಗಳನ್ನೂ, ಸಾಲುಸಾಲಾಗಿ ಒಣಗುವ ಕೇಸರಿ ಬಣ್ಣದ ಹಣ್ಣುಗಳನ್ನೂ ಅದು ಮುದ್ದಿನಿಂದ ನೋಡುತ್ತದೆ. 1989ರ ಘೋಷಣೆ ಕೇಳಿದ ಏಷ್ಯಾದ ಒಡನಾಟ ಕಾಗದದಿಂದ ಕೈಕೆಲಸಕ್ಕೆ ಇಳಿದದ್ದು ಇಂಥಲ್ಲಿ.

ಯಮಗಾತಕ್ಕೆ ಹೋಗಲಾಗದವರು ಈ ಚಿತ್ರಗಳಲ್ಲಿ ಒಂದನ್ನಾದರೂ ಹುಡುಕಿ ನೋಡಬೇಕು. ನನ್ನನ್ನು ಕೇಳಿದರೆ ‘ಫೆಂಗ್‌ಮಿಂಗ್’ನಿಂದ ಶುರುಮಾಡಿ. ಒಂದೇ ಪಟ್ಟಿಗೆ ಕೂತು, ಫೋನನ್ನು ಬೇರೆ ಕೋಣೆಯಲ್ಲಿಟ್ಟು ನೋಡಿ. ಮೊದಲ ಅರ್ಧ ಗಂಟೆ ಬೇಸರ ಬರುತ್ತದೆ, ಬರಲಿ. ಆ ಬೇಸರ ದಾಟಿದ ಮೇಲೆ ಆಕೆ ಮಾತಾಡುವುದು ನಿಮ್ಮೊಡನೆ; ಎದ್ದು ಹೋಗುವುದು ಆಗ ನಿಮಗೆ ಅವಮರ್ಯಾದೆ ಎನಿಸುತ್ತದೆ. ಮನೆಗೆ ಬಂದ ಹಿರಿಯರ ಮುಂದೆ ನಮಗಿರುವ ಈ ದಾಕ್ಷಿಣ್ಯವನ್ನು ಪರದೆಯ ಮೇಲಿನ ಅಪರಿಚಿತರಿಗೂ ತೋರಲು ಕಲಿಸಿಕೊಡುವುದೇ ಆ ಊರಿನ ಮೂವತ್ತೈದು ವರ್ಷ ಮೀರಿದ ದುಡಿಮೆ.